ನನ್ನ ಎದುರಿಗೆ ಹಾಜರಾಗಿ

ಪ್ರಮಾಣವಚನದ ಬಗ್ಗೆ ನನ್ನಷ್ಟು ಭಾಷಣ ಬಿಗಿದವರು ಡಾಲಸ್ ಸುತ್ತಮುತ್ತ ಇನ್ನೊಬ್ಬರಿರಲಾರರು. ಮರ್ಫಿ ಎಂಬ ಊರಿನ ನಮ್ಮ ಮನೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಸಾಕು, ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡುತ್ತಿದ್ದೆ. ಪೊಲೀಸರು ಕೈಯೆತ್ತಿ ಆಣೆ ಮಾಡುತ್ತಾರೆ, ಮೇಯರ್ ಮಾಡುತ್ತಾರೆ, ನ್ಯಾಯಾಧೀಶರು ಮಾಡುತ್ತಾರೆ. ಆಮೇಲೆ ಎಷ್ಟು ಜನರಿಗೆ ಅದರ ನೆನಪಿರುತ್ತದೆ? ಟಿವಿಯಲ್ಲಿ ಯಾವನಾದರೂ ಅಧಿಕಾರಿ ತನಿಖೆಯ ಮುಂದೆ ಕೂತು ‘ಸರಿಯಾಗಿ ನೆನಪಿಲ್ಲ’ ಅನ್ನುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, “ಶುರುವಾಯ್ತು ನೋಡಿ ಇವರ ಹರಿಕಥೆ” ಅನ್ನುತ್ತಿದ್ದಳು.

ಹಾಗೆ ಮಾತಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೆ. ಏಕೆಂದರೆ ನಾನೂ ಆಣೆ ಮಾಡಿದವನೇ. ಹೂಸ್ಟನ್ನಿನ ಕ್ಲಿಯರ್ ಲೇಕ್ ಕಡೆ ಇದ್ದಾಗ ನಾನು ಕೆಲಸ ಮಾಡುತ್ತಿದ್ದ ವಿಮಾ ಆಫೀಸಿನವರು ನನ್ನನ್ನು ನೋಟರಿ ಮಾಡಿಸಿದರು. ಇಲ್ಲಿ ಅದಕ್ಕೆ ವಕೀಲನಾಗಿರಬೇಕಿಲ್ಲ. ಅರ್ಜಿ ಹಾಕಬೇಕು, ಪ್ರಮಾಣ ಮಾಡಬೇಕು, ಒಂದು ಮುದ್ರೆ ಇಟ್ಟುಕೊಳ್ಳಬೇಕು. ಪ್ರಮಾಣ ಮಾತ್ರ ದೊಡ್ಡವರದ್ದೇ. ಸಂವಿಧಾನವನ್ನೂ ಕಾನೂನನ್ನೂ ಕಾಪಾಡುತ್ತೇನೆ ಎಂದು ಬಲಗೈ ಎತ್ತಿ ಮನಸಾರೆ ಹೇಳಿದ್ದೆ, ಸುಳ್ಳು ಹೇಳುವುದಿಲ್ಲ. ಕೆಲಸ ನೋಡಿದರೆ ಇಷ್ಟೇ: ಸಹಿ ಮಾಡುವವರು ನನ್ನ ಎದುರಿಗೆ ಬಂದು ನಿಲ್ಲಬೇಕು, ಅವರು ಯಾರೆಂದು ನೋಡಬೇಕು, ಸಹಿ ಮಾಡುವುದನ್ನು ಕಣ್ಣಾರೆ ಕಾಣಬೇಕು, ಮುದ್ರೆ ಒತ್ತಿ ನನ್ನ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು.

ಆ ದಿನಗಳಲ್ಲೇ ಒಬ್ಬ ಪೊಲೀಸಿನವನು ನನ್ನ ಕಾರನ್ನು ನಿಲ್ಲಿಸಿದ್ದ. ಸ್ಟಾಪ್ ಬೋರ್ಡಿನ ಹತ್ತಿರ ನಾನು ಪೂರ್ತಿ ನಿಲ್ಲಿಸಿರಲಿಲ್ಲ. ಆತ ಪರಿಚಯದವನು, ಅವನ ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ನಾನು ಹಲ್ಲು ಕಿರಿದು ಮಕ್ಕಳ ವಿಷಯ ತೆಗೆದೆ. ಆತ ನಗುನಗುತ್ತಲೇ ಮಾತಾಡಿದ, ನಗುನಗುತ್ತಲೇ ದಂಡದ ಚೀಟಿ ಹರಿದು ಕೈಗಿಟ್ಟ. ಮನೆಗೆ ಬಂದು, “ಮುಖ ನೋಡಿ ಬಿಡಬಾರ್ದಿತ್ತಾ? ಏನ್ ಜನಾನೋ!” ಎಂದು ಕೂಗಾಡಿದ್ದೆ. ಭಾಷಣಗಳಲ್ಲಿ ಈ ಪೊಲೀಸಿನವನ ಪ್ರಸ್ತಾಪವನ್ನು ಮಾತ್ರ ನಾನು ಯಾವತ್ತೂ ತರಲಿಲ್ಲ.

ಮರ್ಫಿಗೆ ಬಂದ ಮೇಲೆ ನಮ್ಮವರಿಗೆಲ್ಲ ನಾನು ನೋಟರಿ ಅಂಕಲ್. ಊರಿನ ಸೈಟಿನ ಕಾಗದ, ಮಕ್ಕಳ ಸ್ಕೂಲಿನ ಕಾಗದ, ಏನಿದ್ದರೂ ಬರುತ್ತಿದ್ದರು. ಬಂದವರಿಗೆ ಮೊದಲು ತಿಂಡಿ, ಆಮೇಲೆ ಮುದ್ರೆ. ಈ ಕ್ರಮದಲ್ಲೇ ತೊಂದರೆ ಇತ್ತು ಎಂದು ಈಗ ಹೊಳೆಯುತ್ತದೆ. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತವರನ್ನು, ‘ಎಲ್ಲಿ, ನಿಮ್ಮ ಡ್ರೈವಿಂಗ್ ಲೈಸೆನ್ಸ್ ತೋರಿಸಿ’ ಎಂದು ಕೇಳುವುದು ಹೇಗೆ? ಕೇಳಿದರೆ ಏನಂದುಕೊಂಡಾರು? ಪುಸ್ತಕದಲ್ಲಿ ‘ವೈಯಕ್ತಿಕ ಪರಿಚಯ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಅದಕ್ಕೆ ಕಾನೂನಿನಲ್ಲಿ ಅವಕಾಶವೂ ಇದೆ, ಎದುರಿಗೆ ನಿಂತವರ ಪರಿಚಯವಿದ್ದರೆ.

ಆ ವರ್ಷದ ಗಣೇಶನ ಹಬ್ಬಕ್ಕೆ ಮನೆತುಂಬ ಜನ. ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಿಂದ ನಮ್ಮ ಸ್ನೇಹಿತರ ಕಡೆಯ ಹುಡುಗನೊಬ್ಬ, ಮೈಸೂರಿನವನು, ಐದು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದ. ಅವನ ಹೆಂಡತಿ ಧಾರವಾಡದವಳು, ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವಳು. ಅವಳು ಬಂದಿರಲಿಲ್ಲ. ಊಟದ ತಟ್ಟೆಗಳ ನಡುವೆ ಅವನು ನನ್ನನ್ನು ಪಕ್ಕಕ್ಕೆ ಕರೆದ.

“ಅಂಕಲ್, ಒಂದ್ ಸಣ್ಣ ಕೆಲ್ಸ. ಮಗಳ ಪಾಸ್‌ಪೋರ್ಟ್ ಮಾಡಿಸ್ಬೇಕು. ಇಬ್ರೂ ಹೋಗಕ್ಕಾಗ್ದಿದ್ರೆ ಅವ್ಳಮ್ಮನ ಒಪ್ಪಿಗೆ ನೋಟರಿ ಆಗಿರ್ಬೇಕಂತೆ. ಸೈನ್ ಮಾಡಿ ಕೊಟ್ಟಿದ್ದಾಳೆ. ನೀವೊಂದ್ ಸ್ಟಾಂಪ್ ಹಾಕ್ಬಿಟ್ರೆ ಆಯ್ತು.”

“ಅವಳು ಬರ್ಬೇಕಲ್ಲಪ್ಪಾ,” ಅಂದೆ.

“ವೀಕೆಂಡೆಲ್ಲ ಆನ್‌ಕಾಲ್ ಡ್ಯೂಟಿ ಅಂಕಲ್ ಅವ್ಳಿಗೆ. ಇದಕ್ಕೋಸ್ಕರ ಮತ್ತೆ ಮೂರೂವರೆ ಗಂಟೆ ಡ್ರೈವ್ ಮಾಡ್ಬೇಕಾ? ಅವ್ಳೇನ್ ನಿಮ್ಗೆ ಗೊತ್ತಿಲ್ದೋಳಾ?”

ಅವಳಿಗೊಂದು ಫೋನ್ ಮಾಡೋಣ ಎಂದು ಮನಸ್ಸಿಗೆ ಬಂತು. ಇದನ್ನು ನಾನು ಬಚ್ಚಿಡುವುದಿಲ್ಲ, ಬಂತು. ಗಂಡ ಹೆಂಡತಿಯ ನಡುವೆ ಸರಿಯಿಲ್ಲವಂತೆ ಎಂದು ನನ್ನ ಹೆಂಡತಿ ತಿಂಗಳ ಹಿಂದೆಯೇ ಹೇಳಿದ್ದಳು. ಆದರೆ ಅವನೆದುರಿಗೇ ಫೋನ್ ಮಾಡಿದರೆ ಅವನ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಹಬ್ಬದ ದಿನ, ಮನೆಗೆ ಬಂದ ಅತಿಥಿ, ಸುತ್ತ ಜನ. ದಾಕ್ಷಿಣ್ಯಕ್ಕೆ ಬಿದ್ದೆ. ಅಷ್ಟರಲ್ಲಿ ಆ ಮಗು ಬಂದು, “ಥಾತಾ, ಒನ್ ಮೋರ್ ಮೋದಕ?” ಎಂದು ಕೈ ಚಾಚಿತು. ಕೊಟ್ಟೆ. ಕೊಟ್ಟು, ಕೈ ತೊಳೆದುಕೊಂಡು ಬಂದು, ‘ಇಂದು ನನ್ನ ಎದುರಿಗೆ ಹಾಜರಾಗಿ ಸಹಿ ಮಾಡಿದ್ದಾರೆ’ ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರೆದು ಮುದ್ರೆ ಒತ್ತಿದೆ. ಆ ಸಹಿ ಅವಳದ್ದಾಗಿರಲಿಲ್ಲ.

ಎರಡು ತಿಂಗಳ ನಂತರ ಅವಳು ಆಫೀಸಿನ ಕೆಲಸಕ್ಕೆಂದು ಮೂರು ದಿನ ಹೂಸ್ಟನ್ನಿಗೆ ಹೋಗಿದ್ದಾಗ ಅವನು ಮಗಳನ್ನು ಕರೆದುಕೊಂಡು ಮೈಸೂರಿಗೆ ಹೊರಟುಹೋದ. ಅವಳು ಮನೆಗೆ ಬಂದರೆ ಮಗುವಿನ ಬಟ್ಟೆಗಳಿಲ್ಲ. ಫೋನಿನಲ್ಲಿ ಒಂದು ಮೆಸೇಜು: ಇನ್ನು ಮಗಳು ಇಲ್ಲೇ ಓದುತ್ತಾಳೆ. ಅವಳು ಪೊಲೀಸರ ಬಳಿ ಹೋದಳು. ಮಗುವಿಗೆ ಪಾಸ್‌ಪೋರ್ಟ್ ಸಿಕ್ಕಿದ್ದು ಹೇಗೆ ಎಂದು ಹುಡುಕಿದಾಗ ಸಿಕ್ಕ ಕಾಗದದ ಮೇಲೆ ನನ್ನ ಹೆಸರಿತ್ತು.

ಒಂದು ಬೆಳಿಗ್ಗೆ ಫ್ಲೂಗರ್‌ವಿಲ್ ಕಡೆಯ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ನಮ್ಮ ಬಾಗಿಲಿಗೆ ಬಂದರು. ಬಹಳ ಮರ್ಯಾದೆಯಿಂದ ಮಾತಾಡಿದರು. ನನ್ನ ಪುಸ್ತಕ ನೋಡಿದರು, ‘ವೈಯಕ್ತಿಕ ಪರಿಚಯ’ ಎಂಬ ಸಾಲಿನ ಫೋಟೊ ತೆಗೆದುಕೊಂಡರು. ಆಮೇಲೆ ಒಂದೇ ಪ್ರಶ್ನೆ: ಸಹಿ ಮಾಡುವಾಗ ಆಕೆ ನಿಮ್ಮ ಎದುರಿಗಿದ್ದರೇ?

ನನ್ನ ಹೆಂಡತಿ ಹಿಂದಿನಿಂದ ಮೆಲ್ಲಗೆ ಕನ್ನಡದಲ್ಲಿ, “ಏನಾದ್ರೂ ಹೇಳಿ ಕಳ್ಸಿ. ನಮಗ್ಯಾಕೆ ಪೊಲೀಸು, ಕೋರ್ಟು?” ಅಂದಳು. ಅವಳ ಮೇಲೆ ತಪ್ಪು ಹೊರಿಸಲಾರೆ. ಅವಳು ಹೇಳುವ ಮೊದಲೇ ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು.

“ಬಂದಿರಬೇಕು. ಹಬ್ಬದ ದಿನ, ತುಂಬ ಜನ ಇದ್ದರು. ಸರಿಯಾಗಿ ನೆನಪಿಲ್ಲ.”

ಅಧಿಕಾರಿ ಅದನ್ನು ಹಾಗೇ ಬರೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದರು. ಬಾಗಿಲು ಹಾಕಿ ಬಂದು ಕೂತ ಮೇಲೆ ನನಗೆ ನನ್ನದೇ ಧ್ವನಿ ಕೇಳಿಸತೊಡಗಿತು. ಟಿವಿಯಲ್ಲಿ ನಾನು ಯಾರಿಗೆಲ್ಲ ಉಗಿದಿದ್ದೆನೋ ಅವರೆಲ್ಲರ ಮಾತನ್ನೇ ಒಂದಕ್ಷರ ಬಿಡದೆ ಆಡಿದ್ದೆ. ನಾಚಿಕೆಯಾಯಿತು. ಆದರೂ ಫೋನ್ ಎತ್ತಿಕೊಳ್ಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಒಂಬತ್ತು ದಿನ ತಳ್ಳಿದೆ.

ಒಂಬತ್ತನೆಯ ದಿನ ಆ ಮಗುವಿನ ತಾಯಿಯೇ ಫೋನ್ ಮಾಡಿದಳು. ಬೈಯುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಎತ್ತಿದೆ. ಅವಳು ಬೈಯಲಿಲ್ಲ.

“ಅಂಕಲ್, ಪೊಲೀಸ್ರು ಹೇಳ್ಲಿಕ್ಕತ್ತಾರ್ರಿ, ನಾ ನಿಮ್ಮ ಮನೀಗೆ ಬಂದು ಸಹಿ ಮಾಡೇನಂತ. ಆ ವಾರ ನನಗ ಭಾಳ ಕೆಲ್ಸ ಇತ್ರಿ, ನಿದ್ದಿ ಸುದ್ದಾ ಇರ್ಲಿಲ್ಲ. ಎಷ್ಟ್ ನೆನಸ್ಕೊಂಡ್ರೂ ನೆನಪಾಗವಲ್ತು. ನೀವು ಸುಳ್ಳು ಹೇಳೋರಲ್ಲ. ಖರೇ ಹೇಳ್ರಿ ಅಂಕಲ್, ನಾ ಬಂದಿದ್ನೇನ್ರಿ?”

ನನ್ನನ್ನು ನಂಬಿ ಅವಳು ತನ್ನನ್ನೇ ಅನುಮಾನಿಸತೊಡಗಿದ್ದಳು. “ಇಲ್ಲಮ್ಮಾ, ನೀನು ಬಂದಿರಲಿಲ್ಲ,” ಅಂದೆ. ಅದೇ ಮಧ್ಯಾಹ್ನ ಅಧಿಕಾರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಆದರೆ ಒಂಬತ್ತು ದಿನಗಳು ಆಗಲೇ ತಮ್ಮ ಕೆಲಸ ಮಾಡಿದ್ದವು. ಮೈಸೂರಿನ ಕೋರ್ಟಿನಲ್ಲಿ ಅವನ ವಕೀಲ, ತಾಯಿಯೇ ಒಪ್ಪಿದ್ದಾಳೆ ನೋಡಿ ಎಂದು ನನ್ನ ಮುದ್ರೆಯನ್ನು ಎತ್ತಿ ತೋರಿಸಿದ್ದ. ಮಗುವನ್ನು ಅಲ್ಲಿಯೇ ಸ್ಕೂಲಿಗೆ ಸೇರಿಸಿ ಆಗಿತ್ತು. ನನ್ನ ಮುದ್ರೆಯನ್ನು ವಾಪಸು ಕೊಟ್ಟೆ, ವಿಚಾರಣೆ ಇನ್ನೂ ನಡೆದಿದೆ, ನನಗೆ ಏನಾಗುತ್ತದೋ ಆಗಲಿ. ಮಾಡಿದ್ದನ್ನು ಅನುಭವಿಸಲು ನನಗೆ ಅಭ್ಯಂತರವಿಲ್ಲ. ಆದರೆ ಅನುಭವಿಸುತ್ತಿರುವವಳು ಅವಳು.

ಹೋದ ತಿಂಗಳು ಅವಳ ವಕೀಲರು ನನ್ನಿಂದ ಒಂದು ಪ್ರಮಾಣಪತ್ರ ಕೇಳಿದರು: ಆ ದಿನ ಆಕೆ ನನ್ನ ಎದುರಿಗೆ ಇರಲಿಲ್ಲ ಎಂದು ಬರೆದು, ನೋಟರಿಯ ಮುಂದೆ ಸಹಿ ಮಾಡಿ ಕೊಡಬೇಕು. ನಾನೇ ಡ್ರೈವ್ ಮಾಡಿಕೊಂಡು ಫ್ಲೂಗರ್‌ವಿಲ್‌ಗೆ ಹೋದೆ. ಅವಳ ಮನೆಯ ಹತ್ತಿರದ ಬ್ಯಾಂಕಿನಲ್ಲಿ ಸರದಿಗಾಗಿ ಕಾಯುತ್ತ ಇಬ್ಬರೂ ಅಕ್ಕಪಕ್ಕದಲ್ಲಿ ಕೂತೆವು. ಮಗಳ ಜೊತೆ ಮಾತಾಡುತ್ತೀಯಾ ಎಂದು ಕೇಳಿದೆ.

“ಭಾನುವಾರ ಒಂದ್ ತಾಸು ಬಿಡ್ತಾರ್ರಿ, ವಿಡಿಯೋದಾಗ. ಇಲ್ಲಿದ್ದಾಗ ನಾ ಏನ್ ಕೇಳಿದ್ರೂ ಇಂಗ್ಲಿಷ್‌ನ್ಯಾಗ ಹೇಳ್ತಿದ್ಲು, ಕನ್ನಡ ಕಲೀಲಿಲ್ಲಂತ ಬೈತಿದ್ದೆ. ಈಗ ಬರೇ ಕನ್ನಡಾನ ಮಾತಾಡ್ತಾಳ್ರಿ. ಅದೂ ಮೈಸೂರ ಕನ್ನಡ. ನನ್ನ ಮಾತು ಕೇಳಿದ್ರ ಅಕಿಗೆ ನಗಿ ಬರ್ತದಂತ.”

ಅಷ್ಟರಲ್ಲಿ ನಮ್ಮ ಸರದಿ ಬಂತು.

ನೋಟರಿ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ನಗಲಿಲ್ಲ, ಒರಟಾಗಿಯೂ ಇರಲಿಲ್ಲ. ಲೈಸೆನ್ಸ್ ಕೇಳಿದಳು. ಫೋಟೊ ನೋಡಿದಳು, ನನ್ನ ಮುಖ ನೋಡಿದಳು. ಬಲಗೈ ಎತ್ತಿಸಿ, ಬರೆದದ್ದೆಲ್ಲ ಸತ್ಯವೆಂದು ಆಣೆ ಮಾಡಿಸಿದಳು. ನಾನು ಸಹಿ ಮಾಡುವುದನ್ನು ಕಣ್ಣು ಕದಲಿಸದೆ ನೋಡಿದಳು. ಪುಸ್ತಕದಲ್ಲಿ ಬರೆದುಕೊಂಡು, ಮುದ್ರೆ ಒತ್ತಿ, ಕಾಗದವನ್ನು ಮಗುವಿನ ತಾಯಿಯ ಕೈಗೆ ಕೊಟ್ಟಳು.

ಅವಳು ಆ ಕಾಗದವನ್ನು ನೋಡಿದಳು, ನನ್ನನ್ನು ನೋಡಿದಳು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ.

“ಎರಡ್ ನಿಮಿಷ ಆತೇನ್ರಿ ಅಂಕಲ್, ಎಲ್ಲಾ ಸೇರಿ?”