ಕಾಕಾ ನನಗಷ್ಟೇ ಹೇಳಿದ್ದು

ಹೋದ ತಿಂಗಳು ಅಟ್ಟ ಸ್ವಚ್ಛ ಮಾಡುವಾಗ ಫ್ಲಾಪಿ ಇಡುತ್ತಿದ್ದ ಹಳೆಯ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಫ್ಲಾಪಿಗಳೆಲ್ಲ ಬೂಷ್ಟು ಹಿಡಿದಿದ್ದವು. ತಳದಲ್ಲಿ ಮಡಿಚಿಟ್ಟ ಒಂದು ಹಾಳೆ, ಯಾರದೋ ಬಯೋಡೇಟಾ, ಮೂಲೆಗಳಿಗೆಲ್ಲ ಅರಿಷಿಣ ಹಚ್ಚಿದ್ದು. ಮೂಗಿಗೆ ಹಿಡಿದೆ. ಇಪ್ಪತ್ತು ವರ್ಷದ ಮೇಲೆ ಅರಿಷಿಣದ ವಾಸನೆ ಉಳಿದಿರುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೂ ಬಂತು. ಅದರ ಹಿಂದೆಯೇ ಹುಕ್ಕೇರಿಯ ಕಾಕಾ ಬಂದರು...

ಅವರು ನನಗೆ ಸಂಬಂಧಿಕರೇನಲ್ಲ. ಜೈನರ ಮನೆಗಳಲ್ಲಿ ಹೆಣ್ಣು-ಗಂಡು ಜೋಡಿಸುತ್ತಿದ್ದ ಹಿರಿಯರು. ಮೂರು ತಾಲೂಕಿಗೆ ಕಾಕಾ, ಹಾಗಾಗಿ ನನಗೂ ಕಾಕಾ. ತಲೆಗೆ ಬಿಳಿ ಟೋಪಿ, ಬಗಲಲ್ಲಿ ರೆಕ್ಸಿನ್ ಚೀಲ. ಬೆಳಗಿನ ಬಸ್ಸಿಗೆ ಹುಕ್ಕೇರಿ ಬಿಟ್ಟು ಗೋಕಾಕಕ್ಕೆ ಬರುವರು, ಕೆಲಸವಿದ್ದರೆ ಮುಂದೆ ಮೂಡಲಗಿಗೆ ಹೋಗುವರು. ಹೊತ್ತು ಮುಳುಗುವುದರೊಳಗೆ ಊಟವಾಗಬೇಕಾದ್ದರಿಂದ ಮಧ್ಯಾಹ್ನ ಮೂರು ದಾಟಿತೆಂದರೆ ಅವರ ಕಣ್ಣು ಗಡಿಯಾರದ ಮೇಲೆ.

ಎರಡು ಸಾವಿರದ ಐದರ ಆಸುಪಾಸು. ಗೋಕಾಕದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಾಳಿಗೆಯ ಮೇಲೆ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಮೂರು ಕಂಪ್ಯೂಟರು, ಒಂದು ಫೋನ್ ಲೈನು, ಮತ್ತೆ ನನಗೆ ಎಲ್ಲ ಗೊತ್ತೆಂಬ ಸೊಕ್ಕು. ಕಾಕಾ ಮೊದಲು ಬಂದದ್ದು ಬಯೋಡೇಟಾ ಟೈಪು ಮಾಡಿಸಲು. ‘ಇವನ್ನೆಲ್ಲ ಇಂಟರ್ನೆಟ್ಟಿನಾಗ ಹಾಕೂಣ್ರಿ ಕಾಕಾ, ಪುಣೆದಾಗಿದ್ದವರೂ ನೋಡ್ತಾರ’ ಎಂದವಳು ನಾನೇ. ಅವರು ಒಪ್ಪಿದರು. ಒಪ್ಪಿಕೊಂಡು ಸುಮ್ಮನೆ ಹೋಗುವ ಮನುಷ್ಯರಲ್ಲ, ಬಾಜೂ ಕುರ್ಚಿ ಎಳೆದುಕೊಂಡು ಕುಳಿತರು.

‘ಈ ಹುಡುಗಿ ಹೆಸರ ಇಲ್ಲಿ ಹೆಂಗ ಬರತೈತಿ?’

ಎರಡು ಫೈಲು ಇರುತ್ತವೆ ಎಂದು ಹೇಳಿದೆ. ಹಿಂದಿನದು ಯಾರಿಗೂ ಕಾಣುವುದಿಲ್ಲ, ಅದು ಎಲ್ಲರ ಮಾಹಿತಿ ತುಂಬಿಟ್ಟ ಕೋಷ್ಟಕದಿಂದ ವಿವರ ತರುತ್ತದೆ. ಮುಂದಿನದು ಟೆಂಪ್ಲೇಟು, ಅಂದರೆ ಪುಟದ ಅಚ್ಚು. ಹೆಸರು, ಊರು, ಓದು ಎಂದು ಜಾಗ ಬಿಟ್ಟುಕೊಂಡು ಕಾಯುತ್ತಿರುತ್ತದೆ. ತಂದದ್ದನ್ನು ಹಿಂದಿನದು ವೇರಿಯೇಬಲ್ಲಿನಲ್ಲಿ ಹಾಕಿ ಕೊಡುತ್ತದೆ.

‘ವೇರಿಯೇಬಲ್ ಅಂದ್ರ?’

‘ಡಬ್ಬಿ ಇದ್ದಂಗ್ರಿ. ಮ್ಯಾಲಿನ ಹೆಸರ ಅದೇ ಇರತೈತಿ, ಒಳಗಿನ ಮಾಲ ಬದಲಾಗತೈತಿ.’

ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ‘ಹಂಗಾರ ಹಿಂದಿನಾಂವಂದ ಒಂದ ಡಬ್ಬಿ, ಮುಂದಿನಾಂವಂದ ಒಂದ ಡಬ್ಬಿ ಏನ? ಇಲ್ಲಾ ಇಬ್ಬರಿಗೂ ಕೂಡಿ ಒಂದ?’

ಎರಡು ವರ್ಷದಿಂದ ಹುಡುಗರಿಗೆ ವೆಬ್ ಪುಟ ಬರೆಯುವ ಪಿಎಚ್‌ಪಿ ಭಾಷೆ ಹೇಳಿಕೊಡುತ್ತಿದ್ದೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವರು ಬಸ್ಸಿಗೆ ಹೋದ ಮೇಲೆ ಮಾಡಿ ನೋಡಿದೆ. ಮುಂದಿನ ಫೈಲಿನಲ್ಲಿ ಹೆಸರು ಬದಲಿಸಿದರೆ ಹಿಂದಿನದರಲ್ಲೂ ಬದಲಾಯಿತು. ನಾನು ಜೋಡಿಸಿದ್ದ ರೀತಿಯಲ್ಲಿ ಎರಡಕ್ಕೂ ಒಂದೇ ಡಬ್ಬಿ.

ಮುಂದಿನ ವಾರ ಹೇಳಿದಾಗ ಕಾಕಾ ಖುಷಿಪಡುವರೆಂದುಕೊಂಡಿದ್ದೆ. ಅವರು ವಿಚಾರಕ್ಕೆ ಬಿದ್ದರು. ‘ಅಂದ್ರ ಹಿಂದಿನಾಂವಗ ಗೊತ್ತಿದ್ದೆಲ್ಲಾ ಮುಂದಿನಾಂವಗೂ ಗೊತ್ತ. ಅಂವ ಸುಮ್ನ ಇರ್ತಾನೇನ?’

‘ಹೇಳ ಅಂದಷ್ಟ ಹೇಳ್ತಾನ್ರಿ,’ ಎಂದೆ, ದೊಡ್ಡ ಜಾಣೆಯ ಹಾಗೆ.

ಆ ಮುಂದಿನವನಿಗೆ, ಅಂದರೆ ಟೆಂಪ್ಲೇಟಿಗೆ, ನಾನು ಏನು ಹೇಳಿಕೊಟ್ಟಿದ್ದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದೊಂದು ವಿವರಕ್ಕೂ ಒಂದೊಂದು ಸಾಲು ಬರೆಯಲು ನನಗೆ ಬೇಸರ. ಅದಕ್ಕೆ ಟೆಂಪ್ಲೇಟಿನಲ್ಲಿ ಚಿಕ್ಕದೊಂದು ಸುತ್ತು, ಅಂದರೆ ಲೂಪು, ಹಾಕಿದ್ದೆ. ಹಿಂದಿನಿಂದ ಏನೇನು ಬರುತ್ತದೋ ಅಷ್ಟನ್ನೂ ಒಂದರ ಕೆಳಗೊಂದು ತೋರಿಸು ಎಂದು. ನಾಲ್ಕೇ ಸಾಲಿನಲ್ಲಿ ಕೆಲಸ ಮುಗಿದಿತ್ತು, ಅದರ ಹೆಮ್ಮೆ ಬೇರೆ.

ಕಾಕಾನ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಬಯೋಡೇಟಾದ ಕೆಳಗಿನ ಮೂಲೆ ಮಡಿಚಿದ್ದರೆ, ಆ ಮನೆಯದು ಬಾಯಿಂದ ಹೇಳುವ ಮಾತು ಒಂದು ಬಾಕಿ ಇದೆ ಎಂದರ್ಥ. ಮುರಿದುಹೋದ ನಿಶ್ಚಯ, ಚಿಕ್ಕಂದಿನ ಕಾಯಿಲೆ, ಇಂಥದ್ದು. ಅದನ್ನು ಅವರು ಬರೆದಿಡುತ್ತಿರಲಿಲ್ಲ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ ಮೇಲೆ, ಹೆತ್ತವರನ್ನು ಕೇಳಿ, ಎದುರಿನ ಮನೆಯ ಹಿರಿಯರ ಕಿವಿಯಲ್ಲಿ ಹೇಳುವರು. ಮೊದಲೇ ಹೇಳಿದರೆ ಹುಡುಗಿಯನ್ನು ಯಾರೂ ನೋಡುವುದಿಲ್ಲ, ಹೇಳದೇ ಬಿಟ್ಟರೆ ಮೋಸ. ನಲವತ್ತು ವರ್ಷ ಅವರು ನಡೆದದ್ದು ಈ ಸಣ್ಣ ದಾರಿಯಲ್ಲಿ.

ಒಂದು ದಿನ ದನಿ ಇಳಿಸಿ ಹೇಳಿದರು. ‘ಇತ್ತಿತ್ತಲಾಗ ಮರವ ಆಗಾಕತ್ತೈತಿ ಯವ್ವಾ. ಮೂಲಿ ಮಡಿಚೇನಿ, ಯಾಕ ಮಡಿಚೇನಿ ನೆನಪಾಗವಲ್ದು. ನಿನ್ನ ಕಂಪ್ಯೂಟರಿನಾಗ ನನಗಷ್ಟ ಅಂತ ಒಂದ ಜಾಗಾ ಮಾಡಿಕೊಡ್ತಿ?’

ಮಾಡಿಕೊಟ್ಟೆ. ಕೋಷ್ಟಕಕ್ಕೆ ಇನ್ನೊಂದು ಅಂಕಣ ಸೇರಿಸಲು ಎಷ್ಟು ಹೊತ್ತು? ಅವತ್ತು ಅವರು ಹೇಳಿದ್ದು ಒಂದೇ ಹುಡುಗಿಯ ವಿಷಯ, ಮೂಡಲಗಿಯದು. ಒಂದು ಸಾಲು. ಟೈಪು ಮಾಡಿಕೊಂಡೆ. ಉಳಿದವನ್ನು ಬರುವ ವಾರ ಹೇಳುತ್ತೇನೆಂದು ಹೋದರು.

ನಾಲ್ಕನೆಯ ದಿನವೇ ಮಾಳಿಗೆ ಹತ್ತಿ ಬಂದರು. ಕೈಯಲ್ಲಿ ಸಂಕೇಶ್ವರದ ನೆಟ್ ಸೆಂಟರಿನಲ್ಲಿ ತೆಗೆದ ಪ್ರಿಂಟು. ಮೂಡಲಗಿಯ ಆ ಹುಡುಗಿಗೆ ಕಾಕಾ ನೋಡಿಟ್ಟಿದ್ದ ಹುಡುಗನ ಮನೆಯವರು ತೆಗೆಸಿದ್ದು. ಹೆಸರು, ಊರು, ಓದು, ಎಲ್ಲದರ ಕೆಳಗೆ ಆ ಸಾಲು. ಅದರಲ್ಲಿ ಏನಿತ್ತೆಂದು ನಾನು ಇಲ್ಲಿಯೂ ಬರೆಯುವುದಿಲ್ಲ.

ಮೊದಲು ಪುಟ ತೆಗೆದುಹಾಕಿದೆ. ಪುಟದ ಕೆಳಗೆ ಎಷ್ಟು ಜನ ನೋಡಿದರೆಂದು ಎಣಿಸುವ ಅಂಕಿ ಇರುತ್ತಿತ್ತು. ಆ ನಾಲ್ಕು ದಿನದಲ್ಲಿ ಅದು ಏಳು ಮುಂದೆ ಹೋಗಿತ್ತು, ಆರು ಸಲ ನೋಡಿದವಳು ನಾನೇ, ಉಳಿದ ಒಂದು ಸಂಕೇಶ್ವರದವರದು. ಆರು ಸಲ ನೋಡಿಯೂ ಕೆಳಗಿನ ಸಾಲಿನತ್ತ ಕಣ್ಣು ಹಾಯಿಸಿರಲಿಲ್ಲ.

ಕಾಕಾ ಬೈಯಲಿಲ್ಲ. ಹೆಂಗಾತು ತೋರಿಸು ಎಂದರು. ಹೊಸ ಅಂಕಣವನ್ನೂ ಬಿಡದೆ ಪುಟಕ್ಕೆ ತಂದ ಆ ನಾಲ್ಕು ಸಾಲು ತೋರಿಸಿದೆ.

‘ನಾ ನಿನಗ ಹೇಳಿದೆ. ನೀ ಅದಕ್ಕ ಹೇಳಿದಿ. ಅದು ಮಂದಿಗಿ ಹೇಳ್ತು.’ ಪ್ರಿಂಟನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, ‘ಮುಂದಿನಾಂವಗ ಬೇಕಾದಷ್ಟ ಕೊಡಾಕ ಬರತಿದ್ದಿಲ್ಲೇನ?’

‘ಬರತಿತ್ರಿ.’

‘ಮತ್ತ?’

‘ಬ್ಯಾಸರಾತ್ರಿ ಕಾಕಾ.’

ಇದಕ್ಕಿಂತ ಕೆಟ್ಟ ಉತ್ತರವನ್ನು ನಾನು ಜೀವನದಲ್ಲಿ ಕೊಟ್ಟಿಲ್ಲ.

ಸಂಕೇಶ್ವರದವರು ಸಂಬಂಧ ಬೇಡವೆಂದಿದ್ದರು. ಆದರೆ ಮರ್ಯಾದಸ್ಥರು. ಪ್ರಿಂಟನ್ನು ಕಾಕಾನ ಕೈಗೇ ಕೊಟ್ಟು, ಈ ಮಾತು ನಮ್ಮ ಹೊಸ್ತಿಲು ದಾಟುವುದಿಲ್ಲ ಎಂದಿದ್ದರು. ಮೂಡಲಗಿಯವರಿಗೆ ಹೇಳುವುದು ಉಳಿದಿತ್ತು. ನಾನೂ ಬರುತ್ತೇನೆ, ಕಾಲು ಹಿಡಿಯುತ್ತೇನೆ ಎಂದು ಹಟ ಹಿಡಿದೆ. ಬಸ್ಸಿನಲ್ಲಿ ಅವರು ಒಂದೇ ಮಾತು ಹೇಳಿದರು. ‘ಅಲ್ಲಿ ನೀ ಬಾಯಿ ತಗೀಬ್ಯಾಡ.’

ಆ ಮನೆಯ ಪಡಸಾಲೆಯಲ್ಲಿ ಹುಡುಗಿಯ ತಂದೆಯ ಎದುರು ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ‘ತಪ್ಪಾತ್ರಿ. ಮಾತಿನ ಭರದಾಗ ಸಂಕೇಶ್ವರದಾಗ ನನ್ನ ಬಾಯಿ ಜಾರಿತು. ಅವರು ಬ್ಯಾಡಂದ್ರು.’

ನಾನು ತಲೆ ಎತ್ತಿದೆ. ಕಾಕಾ ನನ್ನತ್ತ ನೋಡಲಿಲ್ಲ. ಮುಂದೆ ಇಟ್ಟಿದ್ದ ಚಹಾ ಕೆನೆಗಟ್ಟಿತು. ಆಮೇಲೆ ತಂದೆ, ‘ಇನ್ನ ನಮ್ಮ ಮನಿಗಿ ಬರಬ್ಯಾಡ್ರಿ,’ ಎಂದರು. ಒಳಬಾಗಿಲಲ್ಲಿ ನಿಂತಿದ್ದ ಹುಡುಗಿ ಕಾಕಾನನ್ನು ನೋಡಿದ ನೋಟ ನನಗೆ ಸೇರಬೇಕಾದದ್ದು.

ಹೊರಗೆ ಬಂದ ಮೇಲೆ ಅಳುತ್ತಲೇ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು.

‘ಬಾಯಿ ಜಾರಿತು ಅಂದ್ರ ಒಂದ ಮನಿಗಿ ಗೊತ್ತಾಗೇತಿ ಅಂತ ತಿಳೀತಾರ. ಕಂಪ್ಯೂಟರಿನಾಗ ಬಂತು ಅಂದ್ರ ಜಗತ್ತಿಗೇ ಗೊತ್ತಾತು ಅಂತಾರ. ಆ ಹುಡುಗಿ ಓಣ್ಯಾಗ ತಲಿ ಎತ್ತಿ ಅಡ್ಡ್ಯಾಡೂದ ಬ್ಯಾಡೇನ?’

ಆ ತಂದೆ ಮಗಳ ಮಾತನ್ನು ಯಾರಿಗೂ ಹೇಳಲಿಲ್ಲ. ಕಾಕಾನ ಬಾಯಿ ಸಡಿಲ ಎಂದು ಮಾತ್ರ ಬೀಗರಿಗೆಲ್ಲ ಹೇಳಿದರು. ಮಧ್ಯಸ್ಥಿಕೆ ಮಾಡುವವರಿಗೆ ಅಷ್ಟು ಸಾಕು. ವರ್ಷದೊಳಗೆ ರೆಕ್ಸಿನ್ ಚೀಲ ತೆಳ್ಳಗಾಯಿತು. ಆದರೂ ಕಾಕಾ ನನ್ನ ಮಾಳಿಗೆ ಹತ್ತುವುದನ್ನು ಬಿಡಲಿಲ್ಲ. ನಾನು ಎಲ್ಲ ಹೊಸದಾಗಿ ಬರೆದಿದ್ದೆ. ಮುಂದಿನ ಫೈಲಿಗೆ ಈಗ ಒಂದೊಂದರ ಹೆಸರು ಹಿಡಿದು ಆರೇ ವಿವರ ಕೊಡುತ್ತಿದ್ದೆ. ಕಾಕಾ ಬೆರಳು ಮಡಿಚಿ ಎಣಿಸಿ, ‘ಖರೆ ಐತಿ, ಆರ ಅದಾವ’ ಎನ್ನುವರು. ಆದರೆ ಅದರಲ್ಲಿ ಹಾಕಲು ಹೊಸ ಹಾಳೆಗಳೇ ಅವರ ಬಳಿ ಬರುತ್ತಿರಲಿಲ್ಲ... ಮುಂದೆ ಎರಡು ವರ್ಷಕ್ಕೆ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಹೋಗಿದ್ದೆ. ಅಷ್ಟು ಮನೆಗಳ ದೀಪ ಹಚ್ಚಿದವರ ಹಿಂದೆ ಬಂದ ಜನ ಬಹಳ ಕಡಿಮೆ.

ಮೊನ್ನೆ ಘಟಪ್ರಭಾದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಬಾಜೂ ಕುಳಿತ ಹಿರಿಯರು ಹಳೆಯ ಮಾತು ತೆಗೆದರು. ಹುಕ್ಕೇರಿಯ ಕಾಕಾನ ಮಾತೂ ಬಂತು. ‘ಮನಷ್ಯಾ ಭಾಳ ಚಲೋ. ಆದ್ರ ಹೊಟ್ಯಾಗ ಒಂದ ಮಾತ ಉಳೀತಿದ್ದಿಲ್ಲ ನೋಡ್ರಿ.’

‘ಅವರು ಹೇಳಿದ್ದಿಲ್ರಿ,’ ಎಂದೆ. ‘ಆ ಮಾತ ಹೊರಗ ಬಿದ್ದಿದ್ದು ನನ್ನಿಂದ.’

ಹಿರಿಯರು ಪೂರ್ತಿ ನನ್ನ ಕಡೆ ತಿರುಗಿದರು. ಅವರ ಆಚೆ ಕುಳಿತವರೂ ಬಾಗಿದರು. ‘ಹೌದೇನ? ಯಾವ ಮಾತ ಅದು? ಯಾರ ಮನಿ ಹುಡುಗಿದು?’

ಕಾಕಾನ ಹೆಸರು ತೊಳೆಯಬೇಕಾದರೆ ಆ ಹುಡುಗಿಯ ಹೆಸರಿನಿಂದಲೇ ಶುರುಮಾಡಬೇಕಿತ್ತು. ಆಕೆ ಈಗ ಎಲ್ಲೋ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ಮಾಡುತ್ತಿರಬೇಕು. ಕಾಕಾ ಇಲ್ಲ, ಕೇಳಲು ಬರುವುದಿಲ್ಲ. ಕೇಳಿದ್ದರೆ ಏನನ್ನುತ್ತಿದ್ದರೆಂದು ನನಗೆ ಗೊತ್ತಿತ್ತು.

‘ನೆನಪಿಲ್ರಿ,’ ಎಂದೆ.

‘ಹಂಗಾರ ಅಂವನೇ ಹೇಳಿರಬೇಕ ಬಿಡ್ರಿ,’ ಎಂದು ಅವರು ಅನ್ನಕ್ಕೆ ಸಾರು ಕಲಸಿಕೊಂಡರು.