ಸೋಮವಾರ ನಾನು ಬಾರಿಸಿದ ಗಂಟೆ

ನೌಕರಿ ಬಿಡಲೋ ಬೇಡವೋ ಎಂದು ನಾನು ಆರು ತಿಂಗಳು ಯೋಚಿಸಿದೆ. ಇಸ್ತೀಫೆಯ ಕಾಗದ ಬರೆದು, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು, ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಬೆವರಿಗೆ ಅದರ ಮಡಿಕೆಗಳು ಹರಿದವು, ಮತ್ತೊಂದು ಬರೆದೆ. ಆ ಆರು ತಿಂಗಳನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಶಹಾಬಾದಿನ ಹೊರಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಖಣಿಯಲ್ಲಿ ನಾನು ಹಾಜರಿ, ಲೆಕ್ಕ ಬರೆಯುವ ಮುನಶಿಯಾಗಿದ್ದೆ. ಹೈದರಾಬಾದಿನಲ್ಲಿ ಕಾಲೇಜು ಓದಿ ಬಂದಿದ್ದೆ, ಆಗಿನ ಕಚೇರಿಗಳ ಭಾಷೆಯಾದ ಉರ್ದು ಚೆನ್ನಾಗಿ ಬರೆಯುತ್ತಿದ್ದೆ. ಸೇಡಂನಲ್ಲಿ ಅಪ್ಪ ಗುಡಿಯ ಪೂಜೆ ಮಾಡಿಕೊಂಡಿದ್ದರು. ಊರಲ್ಲಿ ಒಂದು ವರ್ಷ ಖಾಲಿ ಕೂತ ಮೇಲೆ, ವಾಡಿ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದ ಅಕ್ಕನ ಗಂಡ ಖಣಿಯ ಗುತ್ತೇದಾರನಿಗೆ ಹೇಳಿ ಈ ಕೆಲಸ ಕೊಡಿಸಿದರು. ಅವರ ಮನೆಯಲ್ಲೇ ಇದ್ದೆ. ಬೆಳಗಿನ ಗಾಡಿಗೆ ಶಹಾಬಾದ್, ಸಂಜೆಯ ಗಾಡಿಗೆ ವಾಡಿ.

ಖಣಿಯ ದಂಡೆಯ ಮೇಲೆ ಒಂದು ಬೇವಿನ ಮರ. ಅದರ ಕೆಳಗೆ ನನ್ನ ಮೇಜು. ಕೊಂಬೆಗೆ ತಂತಿಯಿಂದ ಬಿಗಿದ ರೈಲು ಕಂಬಿಯ ತುಂಡು. ಅದೇ ನಮ್ಮ ಗಂಟೆ. ಬೆಳಿಗ್ಗೆ ಮೂರು ಏಟು ಬಿದ್ದರೆ ಕೆಳಗಿಳಿಯಬೇಕು. ಬಿಡದೆ ಬಡಿದರೆ ಕೈಯಲ್ಲಿದ್ದದ್ದು ಬಿಟ್ಟು ಮೇಲೆ ಓಡಿ ಬರಬೇಕು. ಆ ಸುತ್ತಿಗೆಯನ್ನು ಮುನಶಿ ಬಿಟ್ಟು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮೂರು ಏಟು ಕೇಳದೆ ಯಾರೂ ಮೆಟ್ಟಿಲ ಮೇಲೆ ಕಾಲಿಡುತ್ತಿರಲಿಲ್ಲ.

ಗಂಟೆಯಾದ ಮೇಲೆ ಬಂದವರನ್ನು ವಾಪಸು ಕಳಿಸುವುದೂ ನನ್ನ ಕೆಲಸವೇ. ಕೂಸಿಗೆ ಹಾಲು ಕುಡಿಸಿ ಬರುವಷ್ಟರಲ್ಲಿ ತಡವಾದ ಹೆಂಗಸರನ್ನು ಹಾಗೇ ಕಳಿಸಿದ್ದೇನೆ. ಅವರು ಬುಟ್ಟಿ ತಲೆಯ ಮೇಲೆ ಬೋರಲು ಹಾಕಿಕೊಂಡು ಬಂದ ದಾರಿ ಹಿಡಿದು ಹೋಗುತ್ತಿದ್ದರು. ಗುತ್ತೇದಾರ ಕುರ್ಚಿಯ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತ, "ಶಾಭಾಸ್ ಆಚಾರ್ರೇ, ನಿಮ್ಮಂಥಾ ಕಲ್ತವ್ರು ಇದ್ರೇನೇ ಈ ಮಂದಿ ಹದ್ದಿನ್ಯಾಗ ಇರ್ತಾರ" ಅನ್ನುತ್ತಿದ್ದ. ಅಂಥ ದಿನ ಸಂಜೆ ಮನೆಗೆ ಹೋದವನೇ ಜೇಬಿನ ಕಾಗದ ತೆಗೆದು ಅಕ್ಕನ ಗಂಡನ ಮುಂದೆ ಇಡುತ್ತಿದ್ದೆ.

"ಬಿಡ್ತೀನಿ" ಎಂದು ಅಕ್ಕನ ಗಂಡನಿಗೆ ಎಷ್ಟು ಸಲ ಹೇಳಿದೆನೋ.

"ಬಿಡು. ಬಿಟ್ಟು ಏನ್ ಮಾಡ್ತಿ? ಸೇಡಂಗ ಹೋಗಿ ಅಪ್ಪನ ಹಿಂದ ನಿಂತು ಜಾಗಟಿ ಬಾರಸ್ತಿ. ಇಲ್ಲೂ ಬಾರಸೋದೇ, ಅಲ್ಲೂ ಬಾರಸೋದೇ" ಎಂದು ಅವರು ನಗುತ್ತಿದ್ದರು. ಒಳಗಿನಿಂದ ಅಕ್ಕ, "ಅವನ್ನ ಕಾಡಬ್ಯಾಡ್ರಿ, ಉಣ್ಲಿ" ಅನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ಮರುದಿನ ಬೆಳಗಿನ ಗಾಡಿ ಹಿಡಿಯುತ್ತಿದ್ದೆ.

ಖಣಿಯಲ್ಲಿ ನನ್ನ ಜೇಬಿನ ಕಾಗದದ ವಿಷಯ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ಕಲ್ಲು ಎಬ್ಬಿಸುವವರಲ್ಲಿ ಎಲ್ಲರಿಗಿಂತ ಹಿರಿಯ, ಕೊರಳಲ್ಲಿ ಲಿಂಗ ಕಟ್ಟಿದವನು. ಹಾರೆಯ ತುದಿಯಿಂದ ಪರಸಿಯನ್ನು ತಟ್ಟಿ, ಕಿವಿಗೊಟ್ಟು, ಎಲ್ಲಿಂದ ಎಬ್ಬಿಸಬೇಕೆಂದು ಹೇಳುತ್ತಿದ್ದ. ಅವನು ಎಬ್ಬಿಸಿದ ಹಾಸುಗಲ್ಲು ಒಡೆದದ್ದು ನಾನು ನೋಡಿಲ್ಲ. ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ಹಾಯುವಾಗ ಒಂದು ಮಾತು ಬಿಟ್ಟೇ ಹೋಗುತ್ತಿದ್ದ.

"ಏನ್ರಿ ಆಚಾರ್ರ, ಇವತ್ತು ಕೊಡ್ತೀರೋ, ನಾಳಿಗೋ?"

"ನಾಳಿಗಿ."

"ನಮ್ಮ ಎತ್ತೂ ಹಂಗೇ ರೀ. ಒದೀತೀನಿ ಅಂತ ಕಾಲೆತ್ತತದ, ಎತ್ತಿ ಮತ್ತ ಅಲ್ಲೇ ಇಡ್ತದ."

ಹಿಂದೆ ಬುಟ್ಟಿ ಹೊತ್ತು ಬರುತ್ತಿದ್ದ ಅವನ ಸೊಸೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಎತ್ತಿನ ಮಾತು ಬಂತು, ಸೋಮವಾರದ ವಿಷಯ ಹೇಳಲೇಬೇಕು. ಕೆಳಗೆ ಕಲ್ಲಿನ ಮೇಲಿನ ಮಣ್ಣು, ಚೂರು ಎಲ್ಲವನ್ನೂ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ದಂಡೆಯ ಮೇಲೆ ಸುರಿಯುತ್ತಿದ್ದರು. ಅಲ್ಲಿಂದ ಎತ್ತಿನ ಬಂಡಿಗಳು ಅದನ್ನು ದೂರದ ಹಳ್ಳಕ್ಕೆ ಒಯ್ದು ಹಾಕುತ್ತಿದ್ದವು. ಸೋಮವಾರ ಬಸವಣ್ಣನ ವಾರ, ಅಂದು ಯಾರೂ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಂಡಿ ಬರದಿದ್ದರೆ ಭಾನುವಾರದ ಗುಡ್ಡೆ ದಂಡೆಯ ಮೇಲೆ ಹಾಗೇ ಕೂತಿರುತ್ತಿತ್ತು. ಅದಕ್ಕೇ ಸೋಮವಾರ ಆ ಭಾರದ ಕೆಳಗೆ ಖಣಿಗೆ ಯಾರೂ ಇಳಿಯುತ್ತಿರಲಿಲ್ಲ. ಮೇಲೆ ಕೂತು, ಮೊದಲೇ ತಂದಿಟ್ಟ ಪರಸಿಗಳ ಅಂಚು ಕಟೆಯುತ್ತಿದ್ದರು. ಮಂಗಳವಾರ ಬಂಡಿ ಬಂದು ಗುಡ್ಡೆ ಖಾಲಿ ಮಾಡಿದ ಮೇಲೆಯೇ ಮೂರು ಏಟು. ಎಷ್ಟು ಕಾಲದ ರೂಢಿಯೋ, ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ್ದನ್ನು ನಾನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎತ್ತಿಗೆ ರಜೆ, ಅಷ್ಟೇ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಕಲಿತ ಬುದ್ಧಿ!

ಆ ಭಾನುವಾರ ಸಂಜೆ ಜೋರು ಮಳೆಯಾಯಿತು. ಸೋಮವಾರ ಬೆಳಿಗ್ಗೆ ಸ್ಟೇಷನ್ನಿಗೆ, ಅಂದೇ ಪರಸಿ ತುಂಬಬೇಕಾದ ಖಾಲಿ ವ್ಯಾಗನ್ನುಗಳು ಬಂದು ನಿಂತಿದ್ದವು. ಗುತ್ತೇದಾರ ಕುರ್ಚಿಯಲ್ಲಿ ಕೂರಲೇ ಇಲ್ಲ.

"ಬಾರಸ್ರಿ" ಎಂದ.

"ಇವತ್ತು ಸೋಮವಾರ ಅಲ್ರಿ."

"ಎತ್ತಿಗಿ ಸೋಮವಾರ. ಮನಷ್ಯಾರಿಗೇನು? ಬಾರಸ್ರಿ ಅಂದ್ರ ಬಾರಸ್ರಿ."

ಹೇಳಿ ಅವನು ಸ್ಟೇಷನ್ನಿನ ಕಡೆ ನಡೆದ. ಮಂದಿಯೆಲ್ಲ ನನ್ನ ಮುಖ ನೋಡುತ್ತ ನಿಂತರು. ಆ ಹಿರಿಯ ಗುಡ್ಡೆಯ ಹತ್ತಿರ ಹೋಗಿ ಹಾರೆಯಿಂದ ಒಮ್ಮೆ ಚುಚ್ಚಿದ. ಹಾರೆ ಮೆತ್ತಗೆ ಒಳಗೆ ಹೋಯಿತು.

"ಆಚಾರ್ರ, ನೀರು ಕುಡದದ ಇದು. ಬಂಡಿ ಬರೋತನಕ ಬ್ಯಾಡ್ರಿ."

"ಗುತ್ತೇದಾರ್ರು ಹೇಳ್ಯಾರ."

"ಅವ್ರು ಹೇಳ್ಯಾರ, ಹೋಗ್ಯಾರ. ಸುತಗಿ ನಿಮ್ಮ ಕೈಯಾಗ ಅದ. ನೀವು ಬಾರಿಸಿದ್ರ ನಾವು ಇಳೀತೀವಿ."

ಜೇಬಿನಲ್ಲಿ ಕಾಗದವಿತ್ತು. ತೆಗೆದು ಮೇಜಿನ ಮೇಲೆ ಇಟ್ಟು ನಡೆದಿದ್ದರೆ ಅಂದು ಗಂಟೆ ಬಾರಿಸುವವರು ಇರುತ್ತಿರಲಿಲ್ಲ. ನಾನು ಮೂರು ಏಟು ಬಾರಿಸಿದೆ.

ಅವರು ಇಳಿದು ಎಷ್ಟು ಹೊತ್ತಾಗಿತ್ತು ಎಂದು ಆಮೇಲೆ ಎಲ್ಲರೂ ಕೇಳಿದರು. ನನಗೆ ಗೊತ್ತಿಲ್ಲ. ಗುಡ್ಡೆಯ ನೆತ್ತಿಯಿಂದ ಒಂದು ಬೆಣಚುಕಲ್ಲು ಉರುಳಿದ್ದು ಕಂಡೆ. ಓತಿಕ್ಯಾತ ಓಡಿರಬೇಕು ಅಂದುಕೊಂಡೆ. ಇನ್ನೊಂದು ಉರುಳಿತು. ನನ್ನ ಮೇಜಿನ ಕಾಲಿನಿಂದ ಎರಡು ಹೆಜ್ಜೆ ಆಚೆ ನೆಲ ಬಾಯಿ ಬಿಟ್ಟಿತು. ಸುತ್ತಿಗೆ ಮೇಜಿನ ಮೇಲೆ, ಕಂಬಿ ತಲೆಯ ಮೇಲೆ. ಕೈ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಹಿಂದಕ್ಕೆ ಸರಿದು ಮರವನ್ನು ತಬ್ಬಿ ನಿಂತೆ. ಗುಡ್ಡೆ ಗದ್ದಲವಿಲ್ಲದೆ, ಚೀಲದಿಂದ ಜೋಳ ಸುರಿದ ಹಾಗೆ ಕೆಳಗೆ ಹೋಯಿತು.

ಈಗಲೂ ಎಚ್ಚರವಿದ್ದಾಗಲೇ ನನಗೆ ಅದು ಕಾಣುತ್ತದೆ. ಮೊದಲ ಬೆಣಚುಕಲ್ಲು. ಓತಿಕ್ಯಾತ. ಎರಡನೆಯದು. ಪ್ರತಿ ಸಲವೂ ನನ್ನ ಕೈ ಸುತ್ತಿಗೆಯ ಕಡೆ ಹೋಗುತ್ತದೆ. ಪ್ರತಿ ಸಲವೂ ತಡ.

ಮೂವರನ್ನು ಜೀವಂತ ಎಳೆದರು. ಹಿರಿಯನನ್ನು ತೆಗೆಯುವ ಹೊತ್ತಿಗೆ ಬಿಸಿಲು ಏರಿತ್ತು. ಹಾರೆ ಅವನ ಕೈಯಲ್ಲೇ ಇತ್ತು. ಸೊಸೆ ಮೇಲೆ ಬುಟ್ಟಿ ಸುರಿಯಲು ಬಂದಿದ್ದರಿಂದ ಉಳಿದಿದ್ದಳು. ಅವಳು ಅಳಲಿಲ್ಲ. ಮಣ್ಣಿನ ಕೈ ನನ್ನ ಕಡೆ ಚಾಚಿ, "ಬಾರಿಸಿದಾಂವ ಇವನೇ" ಎಂದಳು.

ಮಧ್ಯಾಹ್ನ ಗುತ್ತೇದಾರ ನನ್ನನ್ನು ಮರೆಗೆ ಕರೆದ. ಮೊದಲ ಸಲ ನನ್ನ ಹೆಗಲ ಮೇಲೆ ಕೈ ಇಟ್ಟ.

"ಆಚಾರ್ರೇ, ನಿಮಗ ಈ ನೌಕರಿ ಮನಸಿಲ್ಲ ಅಂತ ನಿಮ್ಮ ಭಾವನೋರು ಹೇಳಿದ್ರು. ಇಸ್ತೀಫಾ ಬರದಿಟ್ಟೀರಂತಲ್ಲ?"

ನಾನು ತಲೆಯಾಡಿಸಿದೆ.

"ಭಾನುವಾರದ ತಾರೀಖ ಹಾಕಿ ಕೊಡ್ರಿ. ನೀವು ಭಾನುವಾರನೇ ಬಿಟ್ರಿ. ಇವತ್ತು ಮುನಶಿ ಇಲ್ಲ, ಗಂಟಿ ಇಲ್ಲ. ಅವರಾಗೇ ಇಳದಾರ. ನಿಮಗೂ ಮೈಮ್ಯಾಲ ಏನೂ ಬರಂಗಿಲ್ಲ. ಛಲೋ ಚಿಟ್ಠಿ ಕೊಡ್ತೀನಿ, ಬ್ಯಾರೆ ನೌಕರಿ ಸಿಗ್ತದ."

ಒಳಜೇಬು ಎದೆಗೆ ಅಂಟಿತ್ತು. ತಾರೀಖಿನ ಜಾಗ ನಾನೇ ಖಾಲಿ ಬಿಟ್ಟಿದ್ದೆ, ಇವನಿಗಾಗಿಯೇ ಬಿಟ್ಟ ಹಾಗಿತ್ತು. ನಾನು ಬಿಡಬೇಕೆಂದು ಬಯಸಿದ್ದ ನೌಕರಿಯನ್ನು ಬಿಡು ಎಂದು ಅವನೇ ಹೇಳುತ್ತಿದ್ದ. ಕೈ ಜೇಬಿಗೆ ಹೋದದ್ದು ಸುಳ್ಳಲ್ಲ. ಕಾಗದದ ಅಂಚು ಬೆರಳಿಗೆ ತಗಲಿದ್ದೂ ನಿಜ. ಆಗ ಅವನು ಹೆಗಲು ತಟ್ಟಿ, "ಶಾಭಾಸ್" ಎಂದ. ಅದೇ ಶಾಭಾಸ್, ಹೆಂಗಸರನ್ನು ವಾಪಸು ಕಳಿಸಿದಾಗಿನದು.

"ಬಿಡಂಗಿಲ್ಲ" ಎಂದೆ. ಖಾಲಿ ಕೈಯನ್ನು ಜೇಬಿನಿಂದ ಹೊರಗೆ ತೆಗೆದೆ. "ನಾನು ಇವತ್ತೂ ಮುನಶಿ, ನಾಳಿಗೂ ಮುನಶಿ."

"ಹುಚ್ಚ ಅದೀರೇನು? ಗಂಟಿ ಬಾರಿಸಿದ್ದು ಯಾರು ಅಂತ ಕೇಳಿದ್ರ?"

"ನಾನೇ ಅಂತೀನಿ. ಬಾರಸು ಅಂದದ್ದು ಯಾರು ಅಂತನೂ ಹೇಳ್ತೀನಿ."

ಅಕ್ಕನ ಗಂಡ ಆ ಸಂಜೆ ನನ್ನ ಜೊತೆ ಕೂತು ಉಣ್ಣಲಿಲ್ಲ. "ಆರು ತಿಂಗಳು ಬಿಡ್ತೀನಿ ಬಿಡ್ತೀನಿ ಅಂದಿ. ಬಿಡೋ ವ್ಯಾಳ್ಯಾಕ್ಕ ಹಿಡ್ಕೊಂಡು ಕೂತಿ. ನಿನ್ನ ಸಂಗಡ ನನ್ನ ಹೆಸರೂ ಕೆಡಸ್ತಿ" ಎಂದರು. ಅವರ ಮೇಲೂ ಸಿಟ್ಟು ಬಂತು. ಕಾಗದದ ವಿಷಯ ಗುತ್ತೇದಾರನಿಗೆ ಮುಟ್ಟಿಸಿದವರು ಇವರೇ ತಾನೆ? ಅಕ್ಕ ಮಾತ್ರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ಖರೇ ಇದ್ದದ್ದು ಹೇಳು" ಎಂದಳು.

ಚಿತ್ತಾಪುರದ ತಹಸೀಲಿನಿಂದ ಕರೆ ಬರುವವರೆಗೆ ಹನ್ನೊಂದು ದಿನ ನಾನು ಆ ಮೇಜಿನ ಮುಂದೆ ಕೂತೆ. ಯಾರೂ ನನ್ನೊಡನೆ ಮಾತಾಡಲಿಲ್ಲ. ಸುತ್ತಿಗೆಯನ್ನು ಗುತ್ತೇದಾರನ ಸೋದರಳಿಯನಿಗೆ ಕೊಟ್ಟಿದ್ದರು. ಆದರೂ ದಿನಾ ಹಾಜರಿ ಹಾಕಿಸಿಕೊಂಡೆ. ಬಿಟ್ಟು ಹೋದವನು ಎಂದು ಬರೆಯಲು ಅವರಿಗೆ ಒಂದು ದಿನವೂ ಸಿಗಬಾರದಾಗಿತ್ತು.

ತಹಸೀಲಿನಲ್ಲಿ ನನ್ನ ಹೇಳಿಕೆಯನ್ನು ಉರ್ದುವಿನಲ್ಲಿ ನಾನೇ ಬರೆದುಕೊಟ್ಟೆ. ಬಾರಿಸಿದ್ದು ನಾನು, ಹುಕುಂ ಗುತ್ತೇದಾರನದು, ಗುಡ್ಡೆ ನೆನೆದಿದೆ ಎಂದು ಸತ್ತವನು ನನಗೆ ಹೇಳಿದ್ದ, ಎರಡನೆಯ ಕಲ್ಲು ಉರುಳಿದಾಗ ನಾನು ಗಂಟೆ ಬಡಿಯಲಿಲ್ಲ. ತಹಸೀಲ್ದಾರ ಸಾಹೇಬರು ಓದಿ, "ಮಳೆ ಬಂದಿತ್ತಲ್ಲ?" ಎಂದಷ್ಟೇ ಕೇಳಿದರು. ಕೊನೆಗೆ ತಹಸೀಲಿನ ವರದಿಯಲ್ಲಿ ಮಳೆಯೇ ತಪ್ಪಿತಸ್ಥ ಎಂದಾಯಿತು. ಆದರೆ ಅವರಾಗೇ ಇಳಿದರು ಎಂಬ ಮಾತು ಅದರಲ್ಲಿ ಇರಲಿಲ್ಲ. ಅಷ್ಟನ್ನು ಮಾತ್ರ ತಡೆದಿದ್ದೆ.

ಹೊರಗೆ ಕಟ್ಟೆಯ ಮೇಲೆ ಹಿರಿಯನ ಸೊಸೆ ಕೂತಿದ್ದಳು. ಹೇಳಿಕೆ ಕೊಟ್ಟೆ, ಎಲ್ಲ ಹೇಳಿದೆ ಎಂದೆ.

"ಹೇಳಿದ್ರಿ, ಆತು. ಮಾವ ಅವತ್ತು ಬ್ಯಾಡ್ರಿ ಅಂದಾಗ ಬಾರಸಂಗಿಲ್ಲ ಅಂತ ಹೇಳಬೇಕಾಗಿತ್ತು" ಎಂದು ಸೆರಗು ಕೊಡವಿ ಎದ್ದಳು.

ಕಟ್ಟೆಯ ಮೇಲೆ ಅವಳು ಕೂತಿದ್ದ ಜಾಗದಲ್ಲೇ ಕೂತು ಒಳಜೇಬಿನ ಇಸ್ತೀಫೆಯ ಕಾಗದ ತೆಗೆದೆ. ಆ ದಿನದ ತಾರೀಖು ಬರೆದೆ.