ಕಾಡಿಗೆ ಹೋಗದವರ ಪಟ್ಟಿಯಲ್ಲಿ ಲೆಕ್ಕದ ಸರ್

ಮೊನ್ನೆ ಸಾಗರದಿಂದ ಹೊಸನಗರಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕೂತರು. ಕೂತದ್ದೇ ತಡ, ಘಾಟು. ಮಂಗನ ಕಾಯಿಲೆ ತರುವ ಉಣುಗು ಕಚ್ಚದಿರಲಿ ಎಂದು ಕಾಡಿಗೆ ಹೋಗುವವರು ಕೈಕಾಲಿಗೆ ಸವರಿಕೊಳ್ಳುವ ಎಣ್ಣೆಯದು. ಹಿಂದಿನ ಸೀಟಿನವರು ಕಿಟಕಿ ಸರಿಸಿದರು. ನಾನು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ಮುಖ ಆಚೆ ತಿರುಗಿಸಿದೆ. “ಎಂತಾಯ್ತು, ವಾಂತಿ ಬರ್ತದಾ?” ಎಂದು ಆ ಹೆಂಗಸು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಸತ್ತವರೊಬ್ಬರು ನೆನಪಾದರು ಎಂದು ಗುರುತಿಲ್ಲದವರಿಗೆ ಹೇಗೆ ಹೇಳುವುದು...

ಅವರನ್ನು ನಾವೆಲ್ಲ ಲೆಕ್ಕದ ಸರ್ ಎನ್ನುತ್ತಿದ್ದೆವು. ಮಂಗನ ಕಾಯಿಲೆಯ ಸಮೀಕ್ಷೆಗೆಂದು ಬಯಲುಸೀಮೆಯಿಂದ ಬಂದವರು. ಡಾಕ್ಟರಲ್ಲ, ಸಂಖ್ಯಾಶಾಸ್ತ್ರ ಓದಿದವರು. ಜ್ವರ ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಎಂದು ಲೆಕ್ಕ ಹಾಕುವುದು ಅವರ ಕೆಲಸ. ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವ ಗುತ್ತಿಗೆ ಕೆಲಸ ನನ್ನದು. ನನ್ನ ಬಾಯಿ ಆಗಲೂ ಜೋರು, ಈಗಲೂ ಜೋರು. “ನೀನು ಜೊತೇಲಿದ್ರೆ ನಾಯಿ ಕೂಡ ಬೊಗಳೋಕೆ ಯೋಚನೆ ಮಾಡುತ್ತೆ ಕಣಮ್ಮ” ಎಂದು ನಗುತ್ತಿದ್ದರು. ಚಳಿಗಾಲದ ಬಿಸಿಲಿಗೂ ಕೊಡೆ ಹಿಡಿದು ನಡೆಯುವ ಸಣಕಲು ಮನುಷ್ಯ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಲೆಕ್ಕ ಕೂಡಿಸಿದಾಗ ಬಂದ ಉತ್ತರ ನೋಡಿ ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಎಣ್ಣೆ ಹಚ್ಚಿಕೊಳ್ಳದವರಿಗಿಂತ ಹಚ್ಚಿಕೊಂಡವರಿಗೇ ಜ್ವರ ಹೆಚ್ಚು! ಸಮೀಕ್ಷೆಯ ಮುಖ್ಯಸ್ಥರು ಅಲ್ಲಿಗೆ ಮಾತು ಮುಗಿಸಿಬಿಟ್ಟರು. ಎಣ್ಣೆಯಿಂದ ಉಪಯೋಗವಿಲ್ಲ, ಮುಂದಿನ ವರ್ಷ ಹಂಚುವುದು ಬೇಡ ಎಂದು ಬರೆದು ಕಳಿಸಿ, ತಿಂಗಳ ಕೊನೆಯೊಳಗೆ ವರದಿ ಬೇಕು ಎಂದರು.

ನನ್ನಮ್ಮ ದಿನಾ ಬೆಳಿಗ್ಗೆ ಕಾಡಿಗೆ ಹೋಗಿ ದರಗು ಗುಡಿಸಿ, ಆ ಒಣ ಎಲೆಯನ್ನೆಲ್ಲ ಕಲ್ಲಿ ಎಂಬ ಹಗ್ಗದ ಬಲೆಗೆ ತುಂಬಿ ಹೊತ್ತು ತರುತ್ತಿದ್ದಳು. ಹೋಗಬೇಡ ಎಂದರೆ ದನದ ಕಾಲಡಿಗೆ ಏನು ಹಾಸುವುದು? ಹಾಸದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ಗದ್ದೆಯಿಲ್ಲ. ಹೋದರೆ ಉಣುಗು. ಅವಳಿಗೂ ಉಣುಗಿಗೂ ನಡುವೆ ಇದ್ದದ್ದು ಆ ಎಣ್ಣೆಯೊಂದೇ. ಸಿಟ್ಟಿನಲ್ಲಿ ಸರ್ ಮೇಲೆ ಹರಿಹಾಯ್ದೆ.

ಅವರು ಗೋಡೆಗೆ ಒರಗಿಸಿದ್ದ ತಮ್ಮ ಕೊಡೆ ತೋರಿಸಿದರು. “ಕೊಡೆ ಹಿಡಿದವರೇ ಹೆಚ್ಚು ನೆನೆದಿದ್ದಾರೆ ಅಂತ ಯಾರೋ ಲೆಕ್ಕ ಕೊಟ್ರೆ ಕೊಡೇನ ಬಯ್ತೀಯಾ? ಮಳೆಗೆ ಹೋದವರು ತಾನೇ ಕೊಡೆ ಹಿಡಿಯೋದು? ಮನೇಲಿ ಕೂತವರು ಹಿಡೀತಾರಾ? ಎಣ್ಣೆ ಹಚ್ಚಿದವರು ಕಾಡಿಗೆ ಹೋಗೋರು. ಹಚ್ಚದವರು ಮುಕ್ಕಾಲುಪಾಲು ಮನೇಲಿರೋರು. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿದ್ದೇ ತಪ್ಪು. ಹೋಗೋರನ್ನ ಹೋಗೋರ ಜೊತೆಗೇ ತೂಗಬೇಕು.”

ಹೇಳುವುದಕ್ಕೆ ಸುಲಭ. ಕಾಡಿಗೆ ಹೋಗುವವರು ಯಾರು ಎಂದು ತಿಳಿಯಬೇಕಲ್ಲ! ಆ ವರ್ಷ ಊರೂರಲ್ಲಿ ಕಾಡಿಗೆ ಕಾಲಿಡಬೇಡಿ ಎಂಬ ಬೋರ್ಡು. ಹೋದವರಿಗೆ ದಂಡವಂತೆ ಎಂದು ಯಾರೋ ಹಬ್ಬಿಸಿದ್ದರು. ಕೇಳಿದ ಮನೆಯಲ್ಲೆಲ್ಲ ಒಂದೇ ಉತ್ತರ, ಇಲ್ಲ. ಇಡೀ ಮಲೆನಾಡಿನಲ್ಲಿ ಕಾಡಿಗೆ ಹೋಗುವವರೇ ಇಲ್ಲ! ಸರ್ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ತಾವು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಸರಿಯಾದ ದಾರಿ ಗೊತ್ತಿದ್ದೂ ಹೆಜ್ಜೆ ಇಡಲಾಗದೆ ಒದ್ದಾಡಿದ ಮನುಷ್ಯನನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಕೊನೆಗೆ ನಮ್ಮ ಮನೆಗೇ ಕರೆದುಕೊಂಡು ಹೋದೆ, ನನ್ನಮ್ಮನಾದರೂ ನಿಜ ಹೇಳುತ್ತಾಳೆ ಎಂದು. ಅಮ್ಮ ಹೊಸ ಲೋಟದಲ್ಲಿ ಕಾಫಿ ಕೊಟ್ಟಳು. ಸರ್ ಕೇಳಿದರು. ತಲೆಗೂದಲಲ್ಲಿ ಒಣ ಎಲೆ ಸಿಕ್ಕಿಕೊಂಡಿದೆ, ಮೀನಖಂಡ ಕೆರೆದು ಕೆರೆದು ಕೆಂಪಾಗಿದೆ, ಆದರೂ ಅವಳು ಹೇಳಿದಳು: “ಅಯ್ಯೋ, ನಾನೆಂತಕ್ಕೆ ಕಾಡಿಗ್ ಹೋಗ್ಲಿ ಸ್ವಾಮಿ? ಅಂಗಳ ದಾಟಲ್ಲ ನಾನು.”

ನನಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂತು. ಸರ್ ಕಾಫಿ ಮುಗಿಸಿ ಕೊಟ್ಟಿಗೆಯತ್ತ ನಡೆದರು. ಒಳಗೆ ಸೊಂಟದೆತ್ತರ ಹೊಸ ದರಗು. ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತಿರುಗಿದಾಗ ಮುಖ ಅರಳಿತ್ತು. “ಈ ಊರಲ್ಲಿ ಸುಳ್ಳು ಹೇಳದೆ ಇರೋದು ಕೊಟ್ಟಿಗೆ ಒಂದೇ ಕಣಮ್ಮ” ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಮತ್ತೆ ಹೋದೆವು, ಸಾಗರದ ಕಡೆಗೂ ಹೋದೆವು. ಕಾಡಿನ ಮಾತೇ ಎತ್ತಲಿಲ್ಲ. ನೀರು ಕೇಳುವುದು, ದನ ಚೆನ್ನಾಗಿದೆ ಎನ್ನುವುದು, ಕೊಟ್ಟಿಗೆ ಹೊಕ್ಕುವುದು. ಬರೀ ಹುಲ್ಲು ಹಾಸಿದ್ದರೆ ಕಾಡಿಗೆ ಹೋಗದವರ ಗುಂಪು, ದರಗು ಇದ್ದರೆ ಹೋಗುವವರ ಗುಂಪು. ಹೊಸದೋ ಹಳೆಯದೋ ಎಂದು ಸರ್ ರಾಶಿಯೊಳಗೆ ಮೊಣಕೈತನಕ ಕೈ ಹಾಕಿ ನೋಡುತ್ತಿದ್ದರು. “ಜ್ವರ ಕೇಳಾಕ್ ಬಂದೋರು ಸಗಣಿ ನೋಡ್ತಾರಲ್ಲೇ, ತಲೆ ನೆಟ್ಟಗಿದ್ಯಾ ಇವ್ರದ್ದು?” ಎಂದು ಒಬ್ಬ ಅಜ್ಜಿ ನನ್ನ ಕಿವಿಯಲ್ಲಿ ಕೇಳಿದ್ದಳು.

ಒಂದು ದಿನ ಎಣ್ಣೆಯ ಬಾಟಲಿ ಅವರ ಮುಂದೆ ಹಿಡಿದು, “ಸರ್, ನೀವೂ ಒಂಚೂರು ಹಚ್ಕಳಿ” ಎಂದೆ.

“ನಾನೆಲ್ಲಿ ಕಾಡಿಗೆ ಹೋಗ್ತೀನಮ್ಮ? ಹೋಗೋರಿಗಿರಲಿ” ಎಂದು ಕೈಯಾಡಿಸಿಬಿಟ್ಟರು.

ದರಗು ತರುವ ಮನೆಗಳನ್ನಷ್ಟೇ ಬೇರೆಯಾಗಿಟ್ಟು ತೂಗಿದಾಗ ಲೆಕ್ಕ ಮಗುಚಿಬಿತ್ತು. ಎಣ್ಣೆ ಹಚ್ಚಿಕೊಂಡವರಲ್ಲೇ ಜ್ವರ ಕಮ್ಮಿ! ನಾನು ಕುಣಿಯುವುದೊಂದು ಬಾಕಿ. ಸರ್ ಮಾತ್ರ, “ಪೂರ್ತಿ ಸರಿಯಾಯ್ತು ಅನ್ಕೋಬೇಡ. ಎಷ್ಟು ಜರಡಿ ಹಿಡಿದ್ರೂ ಒಂದಿಷ್ಟು ಹೊಟ್ಟು ಉಳಿದೇ ಉಳಿಯುತ್ತೆ. ನಮಗೆ ಕಾಣದ್ದು ಏನೋ ಇದ್ದೇ ಇರುತ್ತೆ” ಎಂದರು. ವರದಿ ಹೋಯಿತು. ಮುಖ್ಯಸ್ಥರು ಗೊಣಗಿಕೊಂಡೇ ಒಪ್ಪಿದರು. ಎಣ್ಣೆ ಉಳಿಯಿತು.

ಅದೇ ವಾರ ಸರ್‌ಗೆ ಜ್ವರ. ತಲೆನೋವು ಎಂದು ಕೋಣೆಯಲ್ಲೇ ಮಲಗಿದ್ದರು. ಕಣ್ಣು ಕೆಂಡದಂತಾಗಿತ್ತು. ನಾನೇ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದರು, ಕಾಡಿಗೆ ಹೋಗಿದ್ರಾ? ಇಲ್ಲ ಎಂದರು ಸರ್. ಸುಳ್ಳೇನಲ್ಲ. ಆಮೇಲೆ ಏನೋ ಹೊಳೆದವರಂತೆ ನನ್ನ ಕಡೆ ತಿರುಗಿದರು. “ದರಗು...” ಎಂದರು. ಅಷ್ಟೇ ಹೇಳಿದ್ದು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಂದ ವಾಪಸ್ ಬರಲಿಲ್ಲ.

ಕಾಡಿಗೆ ಯಾರು ಹೋಗುತ್ತಾರೆ ಎಂದು ಹುಡುಕಿ ಹುಡುಕಿ ಸೋತಿದ್ದೆವು ನಾವು. ಕಾಡೇ ಕಲ್ಲಿಯೊಳಗೆ ಕೂತು ಮನೆಗೆ ಬರುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಜ್ವರ ಬಂದವರ ವಿವರ ತುಂಬುವುದು ನನ್ನ ಕೆಲಸವೇ ಆದ್ದರಿಂದ ಅವರದನ್ನೂ ನಾನೇ ತುಂಬಬೇಕಾಯಿತು. ಕಾಡಿಗೆ ಹೋಗುತ್ತಿದ್ದರೇ? ಇಲ್ಲ. ಎಣ್ಣೆ ಹಚ್ಚುತ್ತಿದ್ದರೇ? ಇಲ್ಲ. ಬೇರೇನಾದರೂ ಬರೆಯೋಣವೆಂದರೆ ಫಾರಮ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅಳುತ್ತಲೇ ಮುಂದಿನ ಹೆಸರಿಗೆ ಹೋದೆ.

ಸುದ್ದಿ ಕೇಳಿ ಅಮ್ಮ ಕೊಟ್ಟಿಗೆಯ ಹೊಸ್ತಿಲ ಮೇಲೆ ಕುಸಿದಳು. “ನಾನ್ ಹೊತ್ತ್ ತಂದಿದ್ದು ಮಾರಾಯ್ತಿ ಅದು. ಅದ್ರಲ್ಲಿದ್ದ ಉಣುಗು ನಂಗ್ ಕಚ್ಚೋದು ಬಿಟ್ಟು ಅವ್ರಿಗ್ ಕಚ್ತು.” ಎಷ್ಟೋ ಕೊಟ್ಟಿಗೆ ಹೊಕ್ಕಿದ್ದರು, ನಮ್ಮದರಲ್ಲೇ ಎಂದು ಹೇಗೆ ಹೇಳುತ್ತೀಯ ಎಂದು ನಾನು ವಾದಿಸಿದೆ. ಅವಳು ಕೇಳಲಿಲ್ಲ. ಇವತ್ತಿಗೂ ಕೇಳುವುದಿಲ್ಲ... ದರಗು ತರುವುದನ್ನೂ ಬಿಟ್ಟಿಲ್ಲ. ಬಿಟ್ಟರೆ ದನ ಎಲ್ಲಿ ಮಲಗಬೇಕು?

ಬಸ್ಸಿಳಿದು ಮನೆ ಸೇರುವಾಗ ಸಂಜೆಯಾಗಿತ್ತು. ಕೊಟ್ಟಿಗೆಯ ಬಾಗಿಲ ಪಕ್ಕದ ಗೂಡಿನಲ್ಲಿ ಎಣ್ಣೆಯ ಬಾಟಲಿ ಇರುತ್ತದೆ, ಆ ವರ್ಷದಿಂದ ಅಲ್ಲೇ ಅದರ ಜಾಗ. ಹಾಲು ಕೊಳ್ಳಲು ಬಂದವರಿರಲಿ, ದನದ ಡಾಕ್ಟರಿರಲಿ, ಹಚ್ಚಿಕೊಳ್ಳದೆ ಒಳಗೆ ಕಾಲಿಡುವಂತಿಲ್ಲ. ಅಮ್ಮ ನನ್ನ ಕೈ ಎಳೆದು ಅಂಗೈಗೆ ಎಣ್ಣೆ ಹೊಯ್ದಳು. ಅವತ್ತು ನಾನು ಸರ್‌ಗೆ ಹಚ್ಕಳಿ ಎಂದು ಹೇಳಿ ಸುಮ್ಮನಾಗಿದ್ದೆ. ಅಮ್ಮ ಯಾರಿಗೂ ಹೇಳುವುದಿಲ್ಲ, ಹೊಯ್ದೇಬಿಡುತ್ತಾಳೆ.